ಚೆಕ್ಕಿನ ಹಿಂಬದಿ

ಬ್ಯಾಂಕು ತೆರೆಯುವುದು ಹತ್ತು ಗಂಟೆಗೆ. ರೋಸಲಿನ್ ಬಾಯಿ ಏಳಕ್ಕೇ ಸೀರೆ ಉಟ್ಟು, ಕುತ್ತಿಗೆಗೆ ಪೌಡರ್ ಹಾಕಿಕೊಂಡು, ಚಾವಡಿಯ ಬೆಂಚಿನ ಮೇಲೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅಂಗಳದಲ್ಲಿ ಚಾಪೆ ಹಾಸಿ ಮೆಣಸು ಹರವುತ್ತಿದ್ದ ವೆರೊನಿಕಾ ತಲೆ ಎತ್ತಿದಾಗಲೆಲ್ಲ ಅವರೇ ಕಾಣುತ್ತಿದ್ದರು. ಕಂದು ಅಂಚಿನ ಆ ಬಿಳಿ ಸೀರೆಯನ್ನು ಗಂಡನ ತಾಯಿ, ಅವಳ ಮಾಂಯ್, ಉಡುವುದು ಚರ್ಚಿನ ವಾರ್ಷಿಕ ಹಬ್ಬಕ್ಕೆ ಮತ್ತು ಹತ್ತಿರದವರ ಮದುವೆಗೆ ಮಾತ್ರ. ಹಾಲು ತಂದವನ ಬಳಿ ಆಗಲೇ ಹೇಳಿಯಾಗಿತ್ತು: "ನನ್ನನ್ನು ಇವತ್ತು ಬ್ಯಾಂಕಿನ ಮ್ಯಾನೇಜರ್ ಬರಹೇಳಿದ್ದಾರೆ." ಅವನು ನಕ್ಕು, "ಸಾಲ ಕೊಡ್ತಾರಾ ಬಾಯಮ್ಮ?" ಎಂದಿದ್ದ. "ಸಾಲ ಯಾಕೆ? ನನ್ನ ಸಹಿ ಬೇಕಂತೆ," ಎಂದಿದ್ದರು. ಆ 'ನನ್ನ' ಎಂಬ ಮಾತಿನ ಮೇಲೆ ಅವರು ಇಟ್ಟ ಒತ್ತು ವೆರೊನಿಕಾಳ ಕೈಯನ್ನು ಸ್ವಲ್ಪ ಹೊತ್ತು ನಿಲ್ಲಿಸಿತ್ತು. ಶುಕ್ರವಾರ ಬ್ಯಾಂಕಿನಿಂದ ಬಂದ ಮೇಲೆ ಅವಳು ಹೇಳಿದ್ದು ಅಷ್ಟೇ. ಹೊಸ ಮ್ಯಾನೇಜರ್ ಒಮ್ಮೆ ನಿಮ್ಮನ್ನು ನೋಡಬೇಕಂತೆ ಮಾಂಯ್, ಒಂದು ಸಹಿ ಬೇಕಂತೆ. ಉಳಿದದ್ದನ್ನು ಶನಿವಾರ ಹೇಳುವುದೆಂದು ಎಣಿಸಿದ್ದಳು. ಶನಿವಾರ ಭಾನುವಾರಕ್ಕೆ ಹೋಯಿತು. ಭಾನುವಾರ ಪೂಜೆ, ಆಮೇಲೆ ಯಾರೋ ನೆಂಟರು. ಈಗ ಸೋಮವಾರ.

ಉಳಿದದ್ದು ಎಂದರೆ ಏನು ಎಂದು ತನಗೇ ಸರಿಯಾಗಿ ಹೇಳಿಕೊಳ್ಳಲು ಅವಳಿಗೆ ಬರುತ್ತಿರಲಿಲ್ಲ. ಕರೆಜ್ಮಾದ ಉಪವಾಸದ ದಿನಗಳು, ಹೋದ ವಾರವೇ ಪಾಪನಿವೇದನೆಗೆ ಹೋಗಿ ಮೊಣಕಾಲೂರಿದ್ದಳು. ಸಿಟ್ಟು ಮಾಡಿದೆ, ಎರಡು ಸಲ ಸುಳ್ಳು ಹೇಳಿದೆ, ನೆರೆಮನೆಯವರ ಬಗ್ಗೆ ಮಾತಾಡಿದೆ ಎಂದು ಹೇಳಿ ಮುಗಿಸಿ, ಪಾದ್ರಿ ಜಾಲರಿಯ ಆಚೆಯಿಂದ "ಮತ್ತೆ?" ಎಂದಾಗ ಬಾಯಿ ತೆರೆದಿದ್ದಳು. ಆದರೆ ಇದು ದೇವರ ಹತ್ತು ಕಟ್ಟಳೆಗಳಲ್ಲಿ ಯಾವುದರ ಕೆಳಗೆ ಬರುತ್ತದೆ ಎಂದು ತಿಳಿಯಲಿಲ್ಲ. ಕಳ್ಳತನವೇ? ಒಂದು ಪೈಸೆಯೂ ಬೇರೆ ಕಡೆ ಹೋಗಿಲ್ಲ. ಬಂದದ್ದೆಲ್ಲ ಇದೇ ಮನೆಯ ಅಕ್ಕಿಗೆ, ಇದೇ ಮನೆಯ ಕರೆಂಟಿಗೆ. ಸುಳ್ಳೇ? ಸುಳ್ಳು ಎಂದರೆ ಬಾಯಿಯಿಂದ ಆಡುವುದು. ಇದು ಕೈಯಿಂದ ಮಾಡಿದ್ದು. "ಅಷ್ಟೇ ಫಾದರ್," ಎಂದು ಎದ್ದು ಬಂದಿದ್ದಳು.

ಮನೆಯಲ್ಲಿ ಮಾಡುವುದು ಬಾಫಾತ್ ಪುಡಿ. ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಸಿನವನ್ನು ಹುರಿಯದೆ ಬಿಸಿಲಿನಲ್ಲೇ ಒಣಗಿಸಿ, ಶಿರ್ವ ಪೇಟೆಯ ಮಿಲ್ಲಿನಲ್ಲಿ ಪುಡಿ ಮಾಡಿಸಿ, ಪ್ಯಾಕೆಟ್ ಕಟ್ಟುವುದು. ಹಂದಿಮಾಂಸಕ್ಕೂ ಕೋಳಿಗೂ ಈ ಪುಡಿ ಇಲ್ಲದೆ ಕ್ರಿಶ್ಚನ್ ಮನೆಗಳಲ್ಲಿ ಹಬ್ಬವಿಲ್ಲ. ನಲವತ್ತು ದಿನ ಮಾಂಸ ಬಿಟ್ಟವರು ಈಸ್ಟರಿನ ಹೊತ್ತಿಗೆ ಒಮ್ಮೆಲೇ ಕೇಳುತ್ತಾರೆ. ಅದರ ಹಿಂದೆಯೇ ಮದುವೆಗಳು. ರೋಸಲಿನ್ ಬಾಯಿ ಗಂಡ ಜೋಕಿಮ್ ತೀರಿಕೊಂಡ ವರ್ಷ ಎರಡು ಸೇರು ಮೆಣಸಿನಿಂದ ಶುರು ಮಾಡಿದ್ದು. ಹಾಗಾಗಿ ಪ್ಯಾಕೆಟ್ಟಿನ ಮೇಲೆ ಇರುವುದು ಅವರ ಹೆಸರು, ಕಾಪುವಿನಿಂದ ಕಾರ್ಕಳದವರೆಗೆ ಜನರ ಬಾಯಲ್ಲಿ ಇರುವುದೂ ಅವರ ಹೆಸರು. ಈಗ ಮೆಣಸು ಹರವುವುದು, ಮಿಲ್ಲಿಗೆ ಹೊರುವುದು, ಬಸ್ಸಿನಲ್ಲಿ ಮಣಿಪಾಲಕ್ಕೂ ಉಡುಪಿಗೂ ಚೀಲ ಇಳಿಸುವುದು ಎಲ್ಲ ವೆರೊನಿಕಾ. ಆದರೂ ಮಣಿಪಾಲದ ಡಾಕ್ಟರರ ಹೆಂಡತಿ ಬಾಗಿಲು ತೆರೆದು ಒಳಗೆ ಕೂಗಿ ಹೇಳುವುದು, "ರೋಸಲಿನ್ ಬಾಯಿಯ ಮನೆಯಿಂದ ಬಂದಿದ್ದಾರೆ, ಚೆಕ್ ಬುಕ್ ತನ್ನಿ," ಎಂದು. ಏಳು ವರ್ಷಗಳಲ್ಲಿ ಆ ಹೆಂಗಸು ಅವಳ ಹೆಸರು ಕೇಳಿಲ್ಲ. ಕೇಳದೆ ಇದ್ದದ್ದು ಅವಳಿಗೆ ಬೇಸರವೇ ಎಂದರೆ ಬೇಸರವಲ್ಲ. ಬಾಗಿಲ ಬಳಿ ನಿಂತು ಕಾಯುವಾಗ ಕಾಲಿನ ಹೆಬ್ಬೆರಳಿನಿಂದ ಚಪ್ಪಲಿಯ ಬಾರನ್ನು ಸರಿಮಾಡುತ್ತ ನಿಲ್ಲುತ್ತಿದ್ದಳು, ಅಷ್ಟೇ.

ಚೆಕ್ಕುಗಳೆಲ್ಲ ರೋಸಲಿನ್ ಬಾಯಿಯ ಹೆಸರಿಗೆ. ಖಾತೆ ಇರುವುದು ವೆರೊನಿಕಾಳ ಹೆಸರಿನಲ್ಲಿ. ತೊಂಬತ್ತೇಳರಲ್ಲಿ ಶಿರ್ವದ ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಎರಡು ಫೋಟೊ ಬೇಕೆಂದರು. ರೋಸಲಿನ್ ಬಾಯಿ ಸ್ಟುಡಿಯೋಗೆ ಬರಲಿಲ್ಲ. "ನನ್ನದು ಒಂದು ಫೋಟೊ ಬೇಕಾಗುವುದು ಮರಣದ ಕಾರ್ಡಿಗೆ. ಆಗ ತೆಗೆಸಿದರೆ ಸಾಕು," ಎಂದರು. "ಸತ್ತ ಮೇಲೆ ತೆಗೆಸುವುದು ಹೇಗೆ ಮಾಂಯ್?" ಎಂದು ಕೇಳಿದ್ದಕ್ಕೆ, "ಅದು ನಿಮ್ಮ ತಲೆಬಿಸಿ," ಎಂದಿದ್ದರು. ಹೀಗಾಗಿ ಪ್ರತಿ ಚೆಕ್ಕಿನ ಹಿಂಬದಿಯಲ್ಲಿ, ಹಣವನ್ನು ವೆರೊನಿಕಾಳಿಗೆ ಕೊಡಿ ಎಂದು ಒಂದು ಸಾಲು ಬರೆದು, ಅದರ ಕೆಳಗೆ ರೋಸಲಿನ್ ಬಾಯಿಯ ಸಹಿ, ಅದರ ಕೆಳಗೆ ವೆರೊನಿಕಾಳ ಸಹಿ. ಆಗಿನ ಮ್ಯಾನೇಜರ್ ಹೇಳಿಕೊಟ್ಟ ದಾರಿ ಅದು. ಸಣ್ಣ ಮೊತ್ತ, ಊರಿನವರು, ನಡೆಯುತ್ತದೆ ಎಂದಿದ್ದ.

ಆ ಸಹಿ ಹಾಕುವುದೇ ಒಂದು ಕೆಲಸವಾಗಿತ್ತು. ಶನಿವಾರ ಬೆಳಿಗ್ಗೆ ರೋಸಲಿನ್ ಬಾಯಿ ಮೊದಲು ಎಣ್ಣೆ ಹಚ್ಚಿ, ಮತ್ತೆ ಎರಡು ಸಲ ಸಾಬೂನು ಹಾಕಿ ಕೈ ತೊಳೆಯುತ್ತಿದ್ದರು. ಟವೆಲಿಗೆ ಒರಸಿ, ಮೂಸಿ ನೋಡಿ, ಖಾರದ ವಾಸನೆ ಇದೆ ಎಂದು ಮತ್ತೊಮ್ಮೆ ತೊಳೆಯುತ್ತಿದ್ದರು. ಮೇಜಿನ ಮೇಲಿನ ಬಟ್ಟೆ ತೆಗೆದು ಚೆಕ್ಕುಗಳನ್ನು ಬೋರಲಾಗಿ ಸಾಲಾಗಿ ಇಡಬೇಕು. ಪೆನ್ನು ಬರೆಯುತ್ತದೋ ಎಂದು ಹಳೆಯ ಕ್ಯಾಲೆಂಡರಿನ ಅಂಚಿನಲ್ಲಿ ಗೀಚಿ ನೋಡಬೇಕು. ಹಣೆಯಿಂದ ಎದೆಗೆ ಶಿಲುಬೆಯ ಗುರುತು ಮಾಡಿ, ಉಸಿರು ಹಿಡಿದು, ಐದನೇ ತರಗತಿಯವರೆಗೆ ಕನ್ಯಾಸ್ತ್ರೀಯರು ಕಲಿಸಿದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ, ಒಂದನ್ನೊಂದು ಮುಟ್ಟದ ಹಾಗೆ, ಪಂಕ್ತಿಯಲ್ಲಿ ಕುಳ್ಳಿರಿಸಿದ ಮಕ್ಕಳಂತೆ ನೆಟ್ಟಗೆ ಬರೆಯುತ್ತಿದ್ದರು. ಕೊನೆಯ ಅಕ್ಷರವಾದ ಮೇಲೆ ಸ್ವಲ್ಪ ದೂರ ಹಿಡಿದು ನೋಡುತ್ತಿದ್ದರು. ನಾಲ್ಕು ಚೆಕ್ ಇದ್ದರೆ ಮುಕ್ಕಾಲು ಗಂಟೆ. ಶನಿವಾರ ಕೌಂಟರ್ ಹನ್ನೆರಡಕ್ಕೆ ಮುಚ್ಚುತ್ತದೆ. ಒಮ್ಮೆ ವೆರೊನಿಕಾ ಓಡಿ ಓಡಿ ಹೋದಾಗ ಕ್ಯಾಷಿಯರ್ ಅವಳ ಎದುರಿಗೇ ಸಣ್ಣ ಕಿಟಕಿಯನ್ನು ಎಳೆದುಕೊಂಡ. ಇನ್ನೊಮ್ಮೆ ಚೆಕ್ ತೆಗೆದುಕೊಂಡವನೇ ಮೂರು ಸಲ ಸೀನಿ, ಪಕ್ಕದವನಿಗೆ, "ನಮ್ಮ ಬಾಫಾತ್ ಬಂದಳು ಮಾರಾಯ, ಫ್ಯಾನ್ ಬಂದ್ ಮಾಡು," ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದು ಮೂರು ಸಲ ಕೈ ತೊಳೆದಳು.

"ಅಕ್ಕಾರ, ಈ ಕಡೀ ಚಾಪಿ ಬಿಸಲಿಗೆ ಸರಸ್ಲೇನ್ರೀ?" ಎಂದು ಭಾಗವ್ವ ಕೇಳಿದಳು. ಬಾಗಲಕೋಟೆಯ ಕಡೆಯವಳು, ಗಂಡ ಬೀರಪ್ಪ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋದರೆ ಇವಳು ಇಲ್ಲಿ ಮೆಣಸಿನ ತೊಟ್ಟು ಮುರಿಯಲು ಬರುತ್ತಿದ್ದಳು. ಚಾಪೆ ಎಳೆಯುತ್ತ ಚಾವಡಿಯತ್ತ ನೋಡಿ, "ಅಮ್ಮಾರು ಇವತ್ತ ಮದಿಮಗಳ ಆಗ್ಯಾರ. ಎಲ್ಲಿಗ್ರೀ ಅಮ್ಮಾರ?" ಎಂದಳು.

"ಬ್ಯಾಂಕಿಗೆ. ಸಹಿ ಹಾಕಲಿಕ್ಕೆ ಉಂಟು," ಎಂದರು ರೋಸಲಿನ್ ಬಾಯಿ.

"ನಿಮಗ ಬರೂದ್ ಚಲೋ ಆತ ನೋಡ್ರಿ. ನಮ್ದು ಹೆಬ್ಬಟ್ಟು. ರೇಷನ್ ಅಂಗಡ್ಯಾಂವ ನಗ್ತಾನ. ನಾನೂ ಅಂತೀನಿ, ನಗಪಾ ನಗು, ನಿನ್ನ ಸಹಿ ಯಾರ್ ಬೇಕಾದ್ರೂ ತಿದ್ದತಾರ, ನನ್ನ ಹೆಬ್ಬಟ್ಟ ಕೊಯ್ಕೊಂಡ್ ಹೋಗ್ಬೇಕಾಕ್ಕೈತಿ."

ರೋಸಲಿನ್ ಬಾಯಿ ಗಟ್ಟಿಯಾಗಿ ನಕ್ಕರು. ವೆರೊನಿಕಾ ಬಗ್ಗಿ, ಚಾಪೆಯ ಅಂಚಿನಿಂದ ಹೊರಗೆ ಉರುಳಿದ್ದ ಮೆಣಸುಗಳನ್ನು ಒಂದೊಂದಾಗಿ ಒಳಗೆ ಹಾಕಿದಳು.

ಶುರುವಾದದ್ದು ಎರಡು ವರ್ಷದ ಹಿಂದೆ, ಮಣಿಪಾಲದಲ್ಲಿ ಮಾಂಯ್‌ಗೆ ಕಣ್ಣಿನ ಪೊರೆ ತೆಗೆಸಿದಾಗ. ಮೂರು ವಾರ ಬಗ್ಗಬಾರದು, ಓದಬಾರದು, ಬರೆಯಬಾರದು ಎಂದಿದ್ದರು. ಹಸಿರು ಬಟ್ಟೆ ಕಟ್ಟಿದ ಕಣ್ಣಿನೊಂದಿಗೆ ಅವರು ಒಳಗೆ ಮಲಗಿದ್ದರು. ಮೇಜಿನ ಮೇಲೆ ಮೂರು ಚೆಕ್ಕುಗಳಿದ್ದವು. ಹಳೆಯ ಕ್ಯಾಲೆಂಡರಿನ ಅಂಚಿನಲ್ಲಿದ್ದ ಸಹಿಯನ್ನು ನೋಡಿ ನೋಡಿ, ಅಕ್ಷರಕ್ಕೆ ಅಕ್ಷರ ಇಳಿಸಿದ್ದಳು. ಬೆವರಿದ್ದಳು. ಎದ್ದ ಮೇಲೆ ಹೇಳೋಣ ಎಂದಿದ್ದಳು. ಮೂರನೆಯ ವಾರದ ಹೊತ್ತಿಗೆ ಕ್ಯಾಲೆಂಡರ್ ನೋಡುವುದು ಬೇಡವಾಯಿತು. ಮಾಂಯ್ ಎದ್ದು, ದಪ್ಪ ಕನ್ನಡಕ ಹಾಕಿಕೊಂಡು, ಶನಿವಾರ ಎಣ್ಣೆ ಹಚ್ಚಿ ಕೈ ತೊಳೆದುಕೊಂಡು ಬಂದು ಮೇಜಿನ ಬಟ್ಟೆ ತೆಗೆದಾಗ, ವೆರೊನಿಕಾ ಹೊರಡುವ ಗಡಿಬಿಡಿಯಲ್ಲಿದ್ದಳು. ಚೆಕ್ಕುಗಳು ಆಗಲೇ ಅವಳ ಚೀಲದಲ್ಲಿದ್ದವು. "ಈಗ ಹಿಂದೆ ಸಹಿ ಬೇಡ ಮಾಂಯ್," ಎಂದು ಅವಳ ಬಾಯಿ ಹೇಳಿತು. "ಬ್ಯಾಂಕಿಗೆ ಕಂಪ್ಯೂಟರ್ ಬಂದಿದೆ." ಕಂಪ್ಯೂಟರ್ ಬಂದದ್ದು ನಿಜವಾಗಿತ್ತು. ಮಾಂಯ್ ತೊಳೆದ ಕೈಗಳನ್ನು ಎದುರಿಗೆ ಹಿಡಿದುಕೊಂಡು ನಿಂತಿದ್ದರು. "ಹೌದಾ? ಒಳ್ಳೆಯದಾಯಿತು," ಎಂದರು. ಮೇಜಿನ ಬಟ್ಟೆಯನ್ನು ತಿರುಗಿ ಹಾಸಿ, ನಾಲ್ಕು ಮೂಲೆಗಳನ್ನೂ ಎಳೆದು ಸರಿಮಾಡಿದರು.

ಹೊರಡುವಾಗ ಒಂಬತ್ತೂವರೆ. ಗೇಟಿನ ಬಳಿ ಹೇಳುವುದೆಂದು ವೆರೊನಿಕಾ ಎಣಿಸಿದಳು. ರೋಸಲಿನ್ ಬಾಯಿ ಗೇಟಿನ ಚಿಲಕ ಹಾಕುವುದು ಹೇಗೆಂದು ಭಾಗವ್ವನಿಗೆ ಮತ್ತೊಮ್ಮೆ ತೋರಿಸುತ್ತಿದ್ದರು. ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು, ಬೆನ್ನಿಗೆ ಹೇಳುವ ಮಾತಲ್ಲ. ಕೊಯ್ಲಾಗಿ ಉದ್ದು ಬಿತ್ತಿದ್ದ ಗದ್ದೆ, ಅದರಾಚೆ ದುಬೈಯಲ್ಲಿರುವವರು ಕಟ್ಟಿಸಿದ ಗುಲಾಬಿ ಬಣ್ಣದ ಮನೆ, ಮುಚ್ಚಿದ ಕಿಟಕಿಗಳು. ಮುಂದೆ ಹೋಗುತ್ತಿದ್ದ ಮಾಂಯ್‌ಯ ಹಿಮ್ಮಡಿ ಒಡೆದಿತ್ತು. ಬಿರುಕುಗಳೊಳಗೆ ಮೆಣಸಿನ ಕೆಂಪು ಶಾಶ್ವತವಾಗಿ ಕುಳಿತಿತ್ತು. ಇದನ್ನು ಮಾಡಿದ್ದು ಅವಸರಕ್ಕೆ ಎಂದು ವೆರೊನಿಕಾ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಕೌಂಟರ್ ಮುಚ್ಚುತ್ತದೆ, ಬಸ್ ತಪ್ಪುತ್ತದೆ, ಅದಕ್ಕೆ. ಆದರೆ ಬದುವಿನ ಮೇಲೆ ಆ ಹಿಮ್ಮಡಿಗಳನ್ನೇ ನೋಡುತ್ತ ನಡೆಯುವಾಗ ಅದು ಪೂರ್ತಿ ಸರಿಯಲ್ಲ ಎಂದು ತಿಳಿಯುತ್ತಿತ್ತು. ಶನಿವಾರ ಒಬ್ಬಳೇ ಕೋಣೆಯ ಬಾಗಿಲು ಓರೆ ಮಾಡಿಕೊಂಡು ಚೆಕ್ಕುಗಳನ್ನು ಬೋರಲು ಹಾಕಿ, ಪೆನ್ನು ಎತ್ತಿಕೊಂಡಾಗ ಒಂದು ಖುಷಿ ಇರುತ್ತಿತ್ತು. ರೋಸಲಿನ್ ಎಂದು ಒಂದೇ ಎಳೆತದಲ್ಲಿ ಬರೆಯುವಾಗ, ಮಣಿಪಾಲದ ಬಾಗಿಲಲ್ಲಿ ಹೆಸರಿಲ್ಲದೆ ನಿಂತವಳು ಅವಳಾಗಿರುತ್ತಿರಲಿಲ್ಲ. ಊರೆಲ್ಲ ಯಾರ ಹೆಸರಿಗೆ ಚೆಕ್ ಬರೆಯುತ್ತದೋ ಅವಳಾಗಿರುತ್ತಿದ್ದಳು. ಬರೆದು ಬರೆದು ಅಕ್ಷರಗಳು ಒಂದನ್ನೊಂದು ಹಿಡಿದುಕೊಂಡು ಬಲಕ್ಕೆ ವಾಲಿದ್ದವು. ಕೊನೆಗೆ ಒಂದು ಬಾಲ ಬೆಳೆದು ಮೇಲಕ್ಕೆ ಹೋಗಿತ್ತು. ಅದು ಅವಳ ಸ್ವಂತ ಸಹಿಯ ಬಾಲವೇ. ಅದರ ಕೆಳಗೆ ವೆರೊನಿಕಾ ಎಂದು ಬರೆಯುವಾಗ ಮಾತ್ರ ಕೈ ಸೋತಂತಾಗುತ್ತಿತ್ತು.

ಬಸ್ಸಿನಲ್ಲಿ ಹೆಂಗಸರ ಸೀಟು ಸಿಕ್ಕಿತು. ಕಂಡಕ್ಟರ್ ಇಬ್ಬರದೂ ಟಿಕೆಟ್ ಹರಿದು, "ಏನು ರೋಸಲಿನ್ ಬಾಯಿ, ಅಪರೂಪ," ಎಂದ. "ಬ್ಯಾಂಕಿನ ಕೆಲಸ ಮಾರಾಯ," ಎಂದರು ಅವರು. "ಮಾಂಯ್," ಎಂದಳು ವೆರೊನಿಕಾ. ಅವರು ತಿರುಗಿದರು. ದಪ್ಪ ಗಾಜಿನ ಹಿಂದೆ ಕಣ್ಣುಗಳು ದೊಡ್ಡದಾಗಿ, ಸ್ವಚ್ಛವಾಗಿ, ಏನನ್ನೋ ಕಾಯುತ್ತಿರುವ ಹಾಗೆ ಕಂಡವು. "ನಿಮಗೆ ಗಾಳಿ ಹೆಚ್ಚಾಯಿತಾ? ಶಟರ್ ಹಾಕಲಾ?" ಎಂದು ಕೇಳಿದಳು. "ಬೇಡ. ಹೀಗೇ ಇರಲಿ."

ಮ್ಯಾನೇಜರ್ ಎಡ್ಮಂಡ್ ಕಾರ್ಕಳದ ಕಡೆಯವರು, ಬಂದು ಎರಡು ತಿಂಗಳಾಗಿತ್ತು. ನಲವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಅಂಗಿ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು. ವೆರೊನಿಕಾ ಇಷ್ಟು ವರ್ಷಗಳಲ್ಲಿ ಆ ಕೋಣೆಯ ಒಳಗೆ ಕುಳಿತಿರಲಿಲ್ಲ. ಈಗಲೂ ಕುಳಿತದ್ದು ರೋಸಲಿನ್ ಬಾಯಿ, ಅವಳು ಕುರ್ಚಿಯ ಹಿಂದೆ ನಿಂತಳು.

"ನಿಮ್ಮನ್ನು ಬಿಸಿಲಿಗೆ ಬರಿಸಿದೆ ಬಾಯಿ, ಬೇಜಾರು ಮಾಡಬೇಡಿ," ಎಂದರು ಎಡ್ಮಂಡ್. "ನಿಮ್ಮ ಪುಡಿ ನಮ್ಮ ಮನೆಗೂ ಬರ್ತದೆ. ನನ್ನ ಹೆಂಡತಿ ಬೇರೆ ಹಾಕುವುದಿಲ್ಲ."

"ಈ ಸಲದ್ದಕ್ಕೆ ಖಾರ ಸ್ವಲ್ಪ ಹೆಚ್ಚುಂಟು. ಕಮ್ಮಿ ಹಾಕಲಿಕ್ಕೆ ಹೇಳಿ," ಎಂದರು ರೋಸಲಿನ್ ಬಾಯಿ.

"ಹೇಳ್ತೇನೆ. ಈಗ ವಿಷಯ ಎಂತ ಅಂದರೆ, ಉಡುಪಿಯ ಕೇಟರರ್ ಸ್ಟ್ಯಾನಿಸ್ಲಾಸ್ ಕೊಟ್ಟ ಚೆಕ್ ಇದು. ಮೊತ್ತ ಹತ್ತು ಸಾವಿರಕ್ಕೆ ಮೇಲೆ. ಚೆಕ್ ನಿಮ್ಮ ಹೆಸರಿಗೆ, ಹೋಗುವುದು ಸೊಸೆಯ ಖಾತೆಗೆ. ನಾಳೆ ಆಡಿಟಿನವರು ಕೇಳಿದರೆ ನಾನು ನಿಮ್ಮನ್ನು ನೋಡಿದ್ದೇನೆ, ನೀವೇ ಸಹಿ ಹಾಕಿ ಕೊಟ್ಟದ್ದು ಅಂತ ಹೇಳಲಿಕ್ಕೆ ಆಗಬೇಕು. ಅಷ್ಟೇ. ಒಂದು ಕಾರ್ಡಿನಲ್ಲಿ ಮೂರು ಮಾದರಿ ಸಹಿ ಇಟ್ಟುಕೊಂಡರೆ ಇನ್ನು ಮುಂದೆ ನೀವು ಬರುವುದು ಬೇಡ. ಚೆಕ್ಕಿನ ಹಿಂದಿನ ಸಹಿಯನ್ನು ಅದಕ್ಕೆ ಹೋಲಿಸಿ ನೋಡಿದರೆ ಆಯಿತು."

"ಹಿಂದಿನ ಸಹಿ," ಎಂದರು ರೋಸಲಿನ್ ಬಾಯಿ. ಅದು ಪ್ರಶ್ನೆಯೋ ಅಲ್ಲವೋ ತಿಳಿಯುವ ಹಾಗಿರಲಿಲ್ಲ.

"ಹೌದು, ಇದು." ಎಡ್ಮಂಡ್ ಚೆಕ್ಕನ್ನು ತಿರುಗಿಸಿ ಅವರ ಎದುರಿಗೆ ಸರಿಸಿದರು. "ಇದು ನೀವೇ ಹಾಕಿದ್ದಲ್ವಾ?"

ವೆರೊನಿಕಾ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದಳು. ಮಾಂಯ್‌ಯ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ನೆತ್ತಿಯ ಬೈತಲೆ, ಅದರ ಎರಡೂ ಬದಿಗೆ ಎಣ್ಣೆ ಹಚ್ಚಿ ಬಾಚಿದ ಬಿಳಿ ಕೂದಲು. ಆ ತಲೆ ಚೆಕ್ಕಿನ ಮೇಲೆ ಬಾಗಿತು. ಫ್ಯಾನು ತಿರುಗುತ್ತಿತ್ತು. ಈಗ ಹೇಳಬೇಕಾದವಳು ತಾನು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅದು ನಾನು ಹಾಕಿದ್ದು ಸರ್. ನಾಲ್ಕೇ ಶಬ್ದ. ಹೇಳಿದರೆ ಏನಾಗುತ್ತದೆ ಎಂದೂ ಗೊತ್ತಿತ್ತು: ಎರಡು ವರ್ಷದ ಚೆಕ್ಕುಗಳು, ಹೊರಗೆ ಕಿವಿಗೊಟ್ಟಿರುವ ಕ್ಯಾಷಿಯರ್, ಭಾನುವಾರ ಚರ್ಚಿನ ಮೆಟ್ಟಿಲು, ದೋಹಾದಿಂದ ಗಂಡ ಲಿಯೋನೆಲ್‌ನ ಫೋನು. ಮಾಂಯ್ ಕನ್ನಡಕ ತೆಗೆದು, ಸೆರಗಿನಿಂದ ಒರಸಿ, ತಿರುಗಿ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ವೆರೊನಿಕಾ ಹೇಳಲಿಲ್ಲ.

"ನನ್ನದೇ," ಎಂದರು ರೋಸಲಿನ್ ಬಾಯಿ.

"ಹಾಗಾದರೆ ಈ ಕಾರ್ಡಿನಲ್ಲಿ ಹಾಕಿ. ಮೂರು ಕಡೆ."

"ಇದನ್ನು ಎದುರಿಗೆ ಇಟ್ಟುಕೊಳ್ಳಬಹುದಾ? ವಯಸ್ಸಾಯಿತು. ಒಂದೊಂದು ಸಲ ಒಂದೊಂದು ತರ ಬರ್ತದೆ."

"ಅಡ್ಡಿ ಇಲ್ಲ. ನಮ್ಮ ಅಪ್ಪನಿಗೂ ಹಾಗೇ," ಎಂದು ಎಡ್ಮಂಡ್ ಪೆನ್ನು ಕೊಟ್ಟರು.

ರೋಸಲಿನ್ ಬಾಯಿ ಶಿಲುಬೆಯ ಗುರುತು ಮಾಡಲಿಲ್ಲ. ಎಡಗೈಯ ತೋರುಬೆರಳನ್ನು ಚೆಕ್ಕಿನ ಮೇಲಿನ ಮೊದಲ ಅಕ್ಷರದ ಕೆಳಗೆ ಇಟ್ಟುಕೊಂಡು, ಬಲಗೈಯಿಂದ ಕಾರ್ಡಿನಲ್ಲಿ ಎಳೆದರು. ಬೆರಳು ಮುಂದಿನ ಅಕ್ಷರಕ್ಕೆ ಸರಿಯಿತು, ಪೆನ್ನು ಸರಿಯಿತು. ಮೊದಲನೆಯದರಲ್ಲಿ ಅಕ್ಷರಗಳು ಮಧ್ಯೆ ಮಧ್ಯೆ ಬಿಟ್ಟುಹೋದವು. "ಪರವಾಗಿಲ್ಲ, ಕೈ ನಡುಗುತ್ತದೆ," ಎಂದರು ಎಡ್ಮಂಡ್. ಎರಡನೆಯದು ವಾಲಿತು, ಆದರೆ ಬಾಲ ಕೆಳಕ್ಕೆ ಇಳಿಯಿತು. ಅವರು ಚೆಕ್ಕನ್ನು ಇನ್ನೂ ಹತ್ತಿರ ತಂದುಕೊಂಡರು. ಮೂರನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಎಡ್ಮಂಡ್ ಅಷ್ಟರಲ್ಲಿ ಫೋನ್ ಎತ್ತಿ ಯಾರ ಬಳಿಯೋ ಮಾತಾಡಿ ಮುಗಿಸಿದರು. ಕಾರ್ಡನ್ನೂ ಚೆಕ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಈಗ ಸರಿ ಉಂಟು. ಈ ಮೂರನೆಯದೇ ಲೆಕ್ಕಕ್ಕೆ. ಇನ್ನು ಹೀಗೇ ಹಾಕಿ, ಬದಲಾಯಿಸಬೇಡಿ," ಎಂದರು. ಮೊದಲಿನ ಎರಡರ ಮೇಲೆ ಗೀಟು ಹಾಕಿದರು.

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ನೆರಳು ಅರ್ಧಕ್ಕೆ ಬಂದಿತ್ತು. ಇಬ್ಬರೂ ಆ ಅರ್ಧದಲ್ಲಿ ಒತ್ತಿಕೊಂಡು ಕುಳಿತರು. ಎದುರಿನ ಅಂಗಡಿಯವನು ಎಳನೀರಿನ ಗೊನೆಯನ್ನು ನೆರಳಿಗೆ ಎಳೆಯುತ್ತಿದ್ದ. ವೆರೊನಿಕಾ ಎರಡು ಎಳನೀರು ತಂದಳು. ರೋಸಲಿನ್ ಬಾಯಿ ಕೊಳವೆಯನ್ನು ತೆಗೆದಿಟ್ಟು ಹಾಗೆಯೇ ಎತ್ತಿ ಕುಡಿದರು. ಗಲ್ಲಕ್ಕೆ ಇಳಿದದ್ದನ್ನು ಒರಸಿಕೊಂಡರು.

"ಕಣ್ಣಿನ ಆಪರೇಷನ್ ಆದಾಗಿನಿಂದವಾ?" ಎಂದು ಕೇಳಿದರು.

"ಹೌದು ಮಾಂಯ್."

"ನಾನು ಕಂಪ್ಯೂಟರಿನ ಮಾತು ಆಗಲೇ ನಂಬಿರಲಿಲ್ಲ."

ವೆರೊನಿಕಾ ಅವರ ಮುಖ ನೋಡಿದಳು. ಅವರು ಎಳನೀರಿನ ಬುರುಡೆಯನ್ನು ಮಡಿಲಿನಲ್ಲಿ ತಿರುಗಿಸುತ್ತಿದ್ದರು.

"ನಾನು ಎಣಿಸಿದ್ದು ಏನೆಂದರೆ, ನನ್ನ ಅಕ್ಷರ ಕೆಟ್ಟುಹೋಗಿರಬೇಕು. ಕಣ್ಣು ಕಾಣದಿದ್ದ ದಿನಗಳಲ್ಲಿ ಸಾಲು ತಪ್ಪಿ ಎಲ್ಲೆಲ್ಲೋ ಬರೆದಿರಬೇಕು, ಬ್ಯಾಂಕಿನವರು ಬೇಡ ಅಂದಿರಬೇಕು. ನನ್ನ ಮುಖಕ್ಕೆ ಹೇಳಲಿಕ್ಕೆ ನಿನಗೆ ಮನಸ್ಸು ಬರಲಿಲ್ಲ. ಅದಕ್ಕೆ ಕಂಪ್ಯೂಟರ್ ಅಂದೆ. ನಾನೂ ಕೇಳಲಿಲ್ಲ. ಕೇಳಿದರೆ ನಿನಗೆ ಕಷ್ಟ. ಹುಡುಗಿಗೆ ಒಳ್ಳೆಯ ಮನಸ್ಸುಂಟು ಅಂತ ಲಿಯೋನೆಲನ ಬಳಿ ಕೂಡ ಫೋನಿನಲ್ಲಿ ಹೇಳಿದ್ದೆ." ಬುರುಡೆ ತಿರುಗಿಸುವುದನ್ನು ನಿಲ್ಲಿಸಿ, "ಹಾಗೆಯೇ ಅಲ್ವಾ?" ಎಂದರು.

ಅಂಗಡಿಯವನು ಖಾಲಿ ಬುರುಡೆಗಾಗಿ ಕೈ ಚಾಚಿದ. ಅವಳು ತನ್ನದನ್ನು ಕೊಟ್ಟಳು. ಹೌದು ಎಂದರೆ ಮುಗಿಯುತ್ತದೆ. ಎರಡು ವರ್ಷ ಅವರು ತಾವೇ ಕಟ್ಟಿ, ಒರಸಿ, ಇಟ್ಟುಕೊಂಡಿದ್ದ ಮಾತು. ಅದರೊಳಗೆ ಅವಳಿಗೆ ಒಂದು ಜಾಗವೂ ಇತ್ತು, ಒಳ್ಳೆಯ ಜಾಗ. ಬಾಗಿಲು ತೆರೆದು ಹಿಡಿದು ಕಾಯುತ್ತಿದ್ದಾರೆ. ಒಳಗೆ ಹೋಗಿ ಕುಳಿತುಕೊಂಡರಾಯಿತು. ಆದರೆ ಹಾಗೆ ಕುಳಿತರೆ ಆ ಅಕ್ಷರಗಳು ಕೆಟ್ಟವು ಎಂದಾಗುತ್ತದೆ. ಎಣ್ಣೆ ಹಚ್ಚಿ ತೊಳೆದ ಕೈ, ಉಸಿರು ಹಿಡಿದು ಒಂದೊಂದಾಗಿ ನೆಟ್ಟಗೆ ಕುಳ್ಳಿರಿಸಿದ ಅಕ್ಷರಗಳು. ಈಗ ಅವರಿಗೆ ಉಳಿದಿರುವುದು ಅವು ಸಾಲು ತಪ್ಪಿದವೆಂಬ ನಂಬಿಕೆ ಒಂದೇ.

"ಅಲ್ಲ ಮಾಂಯ್," ಎಂದಳು. "ನಿಮ್ಮ ಅಕ್ಷರ ಚೆನ್ನಾಗಿಯೇ ಇತ್ತು. ಒಂದು ಸಲವೂ ಸಾಲು ತಪ್ಪಿರಲಿಲ್ಲ. ಬ್ಯಾಂಕಿನವರು ಏನೂ ಹೇಳಿರಲಿಲ್ಲ."

"ಮತ್ತೆ?"

"ನನಗೇ ಬರೆಯಬೇಕು ಅನ್ನಿಸಿತು."

ರೋಸಲಿನ್ ಬಾಯಿ ಬುರುಡೆಯನ್ನು ಬೆಂಚಿನ ಕೆಳಗಿಟ್ಟರು. ಬಸ್ ಬಂದಾಗ ಎದ್ದರು. ಹತ್ತುವಾಗ ವೆರೊನಿಕಾ ಕೈ ಕೊಟ್ಟಳು. ಅವರು ಬಾಗಿಲಿನ ಕಂಬಿ ಹಿಡಿದು ಹತ್ತಿದರು. ಸೀಟು ಸಿಕ್ಕಿದ್ದು ಒಬ್ಬರಿಗೆ ಮಾತ್ರ. ಮನೆಯವರೆಗೂ ವೆರೊನಿಕಾ ಮೇಲಿನ ಕಂಬಿ ಹಿಡಿದು ನಿಂತೇ ಇದ್ದಳು. ಮನೆಗೆ ಬಂದ ಮೇಲೆ ಅವರು ಸೀರೆ ಮಡಚಿ ಪೆಟ್ಟಿಗೆಯಲ್ಲಿಟ್ಟರು, ಮನೆಯ ಬಟ್ಟೆ ಹಾಕಿಕೊಂಡು ಅಂಗಳಕ್ಕೆ ಇಳಿದು ಕೊತ್ತಂಬರಿ ಕೇರಿದರು. "ಆತೇನ್ರೀ ಅಮ್ಮಾರ ಸಹಿ?" ಎಂದು ಭಾಗವ್ವ ಕೇಳಿದ್ದಕ್ಕೆ, "ಆಯಿತು. ಮೂರು ಸಲ ಹಾಕಿಸಿದರು," ಎಂದರು. ಆ ವಾರವೆಲ್ಲ ಮಾತು ನಿಂತಿತ್ತೆಂದಲ್ಲ. ಉಪ್ಪು ಮುಗಿದಿದೆ, ಮಿಲ್ಲಿನವನು ಹೊಸ ಕಲ್ಲು ಹಾಕಿಸಿದ್ದಾನಂತೆ, ಬುಧವಾರ ಕಾಪುವಿಗೆ ಹತ್ತು ಕಿಲೋ ಹೋಗಬೇಕು, ಎಂದು ಬೇಕಾದದ್ದನ್ನೆಲ್ಲ ಹೇಳುತ್ತಿದ್ದರು. ಹೇಳುವ ಮೊದಲು, ಮಗಳನ್ನು ಕರೆಯುವ ಹಾಗೆ, 'ಬಾಯೆ' ಎಂದು ಕರೆಯುತ್ತಿರಲಿಲ್ಲ, ಅಷ್ಟೇ. ಮದುವೆಯಾಗಿ ಬಂದ ದಿನದಿಂದ ಕೇಳಿದ ಆ ಕರೆ ಇಲ್ಲದಿದ್ದುದರಿಂದ, ಯಾವ ಮಾತು ತನಗೆ, ಯಾವುದು ಭಾಗವ್ವನಿಗೆ ಎಂದು ತಿಳಿಯಲು ವೆರೊನಿಕಾ ಪ್ರತಿ ಸಲವೂ ತಲೆ ಎತ್ತಿ ನೋಡಬೇಕಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅವಳು ಎರಡು ಚೆಕ್ಕುಗಳನ್ನು ತಂದು ಅವರ ಎದುರಿಗೆ ಮೇಜಿನ ಮೇಲೆ ಬೋರಲು ಇಟ್ಟಳು. ಒಂದು ಮಣಿಪಾಲದ್ದು, ಒಂದು ಕಾರ್ಕಳದ್ದು. ರೋಸಲಿನ್ ಬಾಯಿ ಅವುಗಳನ್ನು ನೋಡಿದರು. ಎದ್ದು ಹೋಗಿ ಕೈ ತೊಳೆದು ಬಂದರು. ಕುಳಿತು, ಪೆನ್ನು ಹಿಡಿದು, ಒಂದು ಹಾಳೆಯ ಮೇಲೆ ಬರೆದರು. ಐವತ್ತು ವರ್ಷ ಬರೆದ ಕೈ. ಅಕ್ಷರಗಳು ಒಂದನ್ನೊಂದು ಮುಟ್ಟದೆ ನೆಟ್ಟಗೆ ಬಂದು ಕುಳಿತವು. ಇಬ್ಬರೂ ಅದನ್ನು ನೋಡಿದರು.

"ಇದು ಅಲ್ಲಿ ನಡೆಯುವುದಿಲ್ಲ," ಎಂದರು ರೋಸಲಿನ್ ಬಾಯಿ.

"ನಿಮ್ಮ ಹೆಸರಿನಲ್ಲೇ ಒಂದು ಖಾತೆ ತೆರೆಯುವ ಮಾಂಯ್. ಫೋಟೊಗ್ರಾಫರನನ್ನು ಮನೆಗೇ ಕರೆಸುತ್ತೇನೆ."

"ಯಾವ ಸಹಿ ಹಾಕಿ ತೆರೆಯುವುದು? ಅವರ ಬಳಿ ಇರುವುದು ಆ ಮೂರನೆಯದು."

ಅವರು ಹಾಳೆಯನ್ನೂ ಪೆನ್ನನ್ನೂ ಅವಳತ್ತ ಸರಿಸಿದರು. "ಅದನ್ನು ಎದುರಿಗಿಟ್ಟು ನೋಡದೆ ಬರೆಯಲಿಕ್ಕೆ ನನಗೆ ಬರುವುದಿಲ್ಲ. ನೀನು ಬರೆದು ತೋರಿಸು."

ಅವಳು ಕುಳಿತಳು. ನೂರಾರು ಸಲ ಬರೆದದ್ದು, ಕಣ್ಣು ಮುಚ್ಚಿದರೂ ಬರುವಂಥದ್ದು. ಪೆನ್ನು ಹಾಳೆಗೆ ತಾಗಿತು, ಮೊದಲ ಅಕ್ಷರದ ಹೊಟ್ಟೆಯ ಬಳಿ ನಿಂತಿತು. ಮುಂದಕ್ಕೆ ಎಳೆದಳು, ಅಕ್ಷರಗಳು ವಾಲಲಿಲ್ಲ, ಒಂದನ್ನೊಂದು ಹಿಡಿಯಲಿಲ್ಲ, ಶಾಲೆಯ ಮಗು ಬರೆದಂತೆ ದೊಡ್ಡದಾಗಿ ಸೊಟ್ಟವಾಗಿ ಚೆದುರಿದವು. ಗೀಟು ಹಾಕಿ ಕೆಳಗೆ ಇನ್ನೊಮ್ಮೆ ಬರೆದಳು. ಅದೂ ಬರಲಿಲ್ಲ. ಅಂಗೈ ಬೆವರಿ ಹಾಳೆ ಅಂಟಿತು. ಹೊರಗೆ ಭಾಗವ್ವ ಚಾಪೆ ಕೊಡವುತ್ತಿದ್ದಳು. ವೆರೊನಿಕಾ ಪೆನ್ನು ಕೆಳಗಿಡಲು ಹೋದಳು.

ರೋಸಲಿನ್ ಬಾಯಿ ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡರು.

"ನಿಧಾನ ಬರೆ," ಎಂದರು. "ನಾನು ನೋಡುತ್ತೇನೆ."